ಪ್ಲಾಸ್ಟಿಕ್ ಕಣ, ಹಟಮಾರಿ ರಾಸಾಯನಿಕ: ಮನೆಗೂ ಊರಿಗೂ ಕೆಲವು ಸೂತ್ರಗಳು

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಡ್ಲಿ ಸುದ್ದಿಯಾಯಿತು. ಇಡ್ಲಿ ತಟ್ಟೆಗೆ ಹಾಸುತ್ತಿದ್ದ ತೆಳು ಬಟ್ಟೆಯ ಜಾಗಕ್ಕೆ ಕೆಲವು ಹೋಟೆಲುಗಳಲ್ಲಿ ಪ್ಲಾಸ್ಟಿಕ್ ಹಾಳೆ ಬಂದು ಕೂತಿತ್ತು. ಆಹಾರ ಸುರಕ್ಷತಾ ಇಲಾಖೆಯವರು ಅಡುಗೆಮನೆಗೆ ಹೋಗಿ ನೋಡಿದರೆ ಐವತ್ತರಷ್ಟು ಕಡೆ ಇದೇ ಕಥೆ. ಹೋಟೆಲ್ ಅಡುಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಬಟ್ಟೆ ಒಗೆದು ಒಣಗಿಸುವ ರಗಳೆ ತಪ್ಪಿತಲ್ಲ ಎಂಬಷ್ಟೇ ಲಾಭಕ್ಕೆ, ಕೂಸಿಗೂ ರೋಗಿಗೂ ಕಣ್ಣು ಮುಚ್ಚಿ ಕೊಡುತ್ತಿದ್ದ ತಿಂಡಿಯ ಮೇಲೇ ಅನುಮಾನ ಬಂತು.

ಇಲ್ಲಿ ಶತ್ರುಗಳು ಎರಡು ಬಗೆ. ಒಂದು, 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಅಂದರೆ ಮೈಕ್ರೋಪ್ಲಾಸ್ಟಿಕ್. ಇನ್ನೊಂದು, ಒಮ್ಮೆ ಮಣ್ಣು, ನೀರು ಅಥವಾ ಮೈ ಸೇರಿದರೆ ವರ್ಷಗಟ್ಟಲೆ ಜಾಗ ಬಿಡದ ಹಟಮಾರಿ ರಾಸಾಯನಿಕಗಳು: ಡಿಡಿಟಿ, ಎಂಡೋಸಲ್ಫಾನ್, ಡಯಾಕ್ಸಿನ್, ಪಿಸಿಬಿ, ಪಿಎಫ್‌ಎಎಸ್. ವಿಜ್ಞಾನ ಏನು ಹೇಳುತ್ತದೆ? 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ಮಂದಿಯ ರಕ್ತ ನೋಡಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರಲ್ಲಿ ಇಟಲಿಯ ವೈದ್ಯರು, ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು ಎಂದು ವರದಿ ಮಾಡಿದರು. ಪ್ಲಾಸ್ಟಿಕ್ಕೇ ಕಾರಣ ಎಂದು ಅದು ಸಾಬೀತು ಮಾಡಲಿಲ್ಲ. ಎರಡೂ ಜೊತೆಗಿವೆ ಎಂದಷ್ಟೇ ತೋರಿಸಿತು. ಹಟಮಾರಿ ರಾಸಾಯನಿಕಗಳ ಮಾತು ಬೇರೆ. ಅವುಗಳ ಹಾನಿಗೆ ಸಾಕ್ಷಿ ದಶಕಗಳಿಂದ ರಾಶಿ ಬಿದ್ದಿದೆ.

ಕೆಳಗಿನ ಪಟ್ಟಿಯಲ್ಲಿ ಖರ್ಚಿಲ್ಲದೆ ಇವತ್ತೇ ಆಗುವಂಥದ್ದು ಮೊದಲು, ಊರು ಸೇರಿ ಮಾಡಬೇಕಾದ್ದು ಕೊನೆಗೆ. ತೂಕ ಮಾತ್ರ ಕೊನೆಯವಕ್ಕೇ ಹೆಚ್ಚು.

1. ಸೊನ್ನೆಯ ಗುರಿ ಇಟ್ಟುಕೊಳ್ಳಬೇಡಿ

ಪ್ಲಾಸ್ಟಿಕ್ ಗಾಳಿಯಲ್ಲಿದೆ, ಧೂಳಿನಲ್ಲಿದೆ, ಉಪ್ಪಿನಲ್ಲೂ ಇದೆ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2024ರಲ್ಲಿ ಹತ್ತು ಬಗೆಯ ಉಪ್ಪು, ಐದು ಬಗೆಯ ಸಕ್ಕರೆ ಪರೀಕ್ಷಿಸಿತು, ಒಂದೂ ಪಾರಾಗಲಿಲ್ಲ. ಅತಿ ಹೆಚ್ಚು ಸಿಕ್ಕಿದ್ದು ಅಯೋಡಿನ್ ಉಪ್ಪಿನಲ್ಲಿ, ಕಿಲೋಗೆ ಸುಮಾರು 89 ಚೂರು. ಸುದ್ದಿ ಓದಿ ಹಲವರು ಉಪ್ಪಿನ ಪೊಟ್ಟಣ ಬದಲಿಸಲು ಹೊರಟರು. ಸ್ವಲ್ಪ ಲೆಕ್ಕ ಹಾಕಿ: ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ ಅರ್ಧ ಚೂರೂ ಆಗುವುದಿಲ್ಲ. ಅದಕ್ಕಾಗಿ ಅಯೋಡಿನ್ ಬಿಟ್ಟು ಗಳಗಂಡ ತಂದುಕೊಳ್ಳುವುದು ಯಾವ ಜಾಣತನ? ದೊಡ್ಡ ಬಾಗಿಲು ಯಾವುದೋ ಅದನ್ನು ಮುಚ್ಚಿ. ಅದು ಮುಂದಿನ ಸೂತ್ರದಲ್ಲಿದೆ.

2. ಬಿಸಿಯನ್ನೂ ಪ್ಲಾಸ್ಟಿಕ್ಕನ್ನೂ ಒಂದೆಡೆ ಸೇರಿಸಬೇಡಿ

ಒಂದೇ ಸೂತ್ರ ಪಾಲಿಸುವಷ್ಟು ಮಾತ್ರ ತಾಳ್ಮೆ ಇದ್ದರೆ ಇದನ್ನೇ ಪಾಲಿಸಿ. ಪೇಪರ್ ಕಪ್ ಎಂಬುದು ಹೆಸರಿಗಷ್ಟೇ ಪೇಪರ್. ಒಳಗೆ ತೆಳು ಪ್ಲಾಸ್ಟಿಕ್ ಪದರ ಇಲ್ಲದಿದ್ದರೆ ಚಹಾ ಸೋರಿ ಅಂಗಿಗೆ ಬೀಳುತ್ತಿತ್ತು. ಖರಗ್‌ಪುರದ ಐಐಟಿಯವರು ಇಂಥ ಕಪ್ಪಿನಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು 15 ನಿಮಿಷ ಬಿಟ್ಟು ನೋಡಿದರು. ನೀರಿಗಿಳಿದ ಕಣಗಳು ಸುಮಾರು 25,000. ಉಪ್ಪಿನ ಅಧ್ಯಯನ ಹಿಡಿದ ಚೂರು ದೊಡ್ಡವು, ಇವು ತೀರಾ ಚಿಕ್ಕವು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೂ ಯಾವ ಕಡೆ ನೋಡಬೇಕು ಎಂಬುದಕ್ಕೆ ಇಷ್ಟು ಸಾಕು.

ಗಾಜಿನ ಲೋಟ ಇರುವ ಚಹಾದಂಗಡಿಗೇ ಹೋಗಿ. ಕಚೇರಿಯಲ್ಲಿ ನಿಮ್ಮದೇ ಸ್ಟೀಲ್ ಲೋಟ ಇಡಿ. ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ರಬ್ಬರ್ ಹಾಕಿ ಕಟ್ಟುವ ಪಾರ್ಸೆಲ್ಲಿಗೆ ಬೇಡ ಎನ್ನಿ, ಮನೆಯಿಂದ ಟಿಫಿನ್ ಕ್ಯಾರಿಯರ್ ಒಯ್ಯಿರಿ. ಮೈಕ್ರೋವೇವ್‌ಗೆ ಪ್ಲಾಸ್ಟಿಕ್ ಡಬ್ಬಿ ಇಡುವುದು ನಿಲ್ಲಲಿ, ಮೇಲೆ ಏನೇ ಬರೆದಿರಲಿ. ಇನ್ನು ಆ ಮೂರು ಮೂಲೆಯ, ಹೊಳೆಯುವ ನೈಲಾನ್ ಚಹಾ ಚೀಲ. ಚಹಾಪುಡಿಯನ್ನು ಸೋಸಲು ನಮಗೆ ಸೋಸಣಿಗೆ ಇರುವಾಗ ಅದರ ಅಗತ್ಯ ಏನಿತ್ತೋ!

3. ಎಣ್ಣೆ, ಹುಳಿ, ಉಪ್ಪು ಇದ್ದಲ್ಲಿ ಗಾಜು, ಭರಣಿ, ಸ್ಟೀಲ್

ಪ್ಲಾಸ್ಟಿಕ್ಕಿಗೆ ಬೆರೆಸಿದ ಹಲವು ರಾಸಾಯನಿಕಗಳು ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತವೆ. ಉಪ್ಪಿನಕಾಯಿಯಲ್ಲಿ ಎಣ್ಣೆ, ಹುಳಿ, ಉಪ್ಪು ಮೂರೂ ಉಂಟು, ಮೇಲೆ ವರ್ಷಗಟ್ಟಲೆ ಇಡುವ ಪದಾರ್ಥ. ಅದನ್ನು ಭರಣಿಯಿಂದ ಎತ್ತಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ. ಅಕ್ಕಿ, ಬೇಳೆ, ರವೆಯಂಥ ಒಣ ದಿನಸಿಯ ಡಬ್ಬಿಗಳನ್ನು ಗಾಬರಿಯಿಂದ ಎಸೆಯಬೇಕಿಲ್ಲ. ಸೀಳಿದಾಗ, ಮಂಕಾದಾಗ ಬದಲಿಸಿದರೆ ಸಾಕು. ತರಕಾರಿ ಹೆಚ್ಚಲು ಪ್ಲಾಸ್ಟಿಕ್ ಹಲಗೆ ಇದ್ದರೆ ಅದರ ಮೇಲಿನ ಚಾಕುವಿನ ಗೀರುಗಳನ್ನು ನೋಡಿ. ಅಲ್ಲಿಂದ ಎದ್ದ ಪುಡಿ ಪಲ್ಯಕ್ಕೇ ಹೋಗಿದೆ. ಈಳಿಗೆಮಣೆಯಲ್ಲಿ ಹೆಚ್ಚುವವರಿಗೆ ಈ ಚಿಂತೆ ಇಲ್ಲ.

4. ನೀರು: ಕುದಿಸಿ, ತಣಿಸಿ, ಸೋಸಿ

ಬಾಟಲಿ ನೀರು ಶುದ್ಧ ಎಂಬ ನಂಬಿಕೆಗೆ 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಪೆಟ್ಟು ಕೊಟ್ಟರು. ಅಮೆರಿಕದಲ್ಲಿ ಮಾರುವ ಮೂರು ಬ್ರಾಂಡ್‌ಗಳಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಚೂರು, ಅದರಲ್ಲಿ ಶೇ. 90ರಷ್ಟು ಮೈಕ್ರೋಗಿಂತಲೂ ಚಿಕ್ಕದಾದ ನ್ಯಾನೋ ಕಣ.

ಅದೇ ವರ್ಷ ಚೀನಾದ ಗ್ವಾಂಗ್‌ಝೌನಿಂದ ಒಳ್ಳೆಯ ಸುದ್ದಿಯೂ ಬಂತು. ಗಡಸು ನೀರನ್ನು ಐದು ನಿಮಿಷ ಕುದಿಸಿದರೆ ಅದರಲ್ಲಿನ ಸುಣ್ಣದಂಶ ಗಟ್ಟಿಯಾಗಿ ಪ್ಲಾಸ್ಟಿಕ್ ಕಣಗಳನ್ನು ಸುತ್ತಿಕೊಂಡು ತಳಕ್ಕೆ ಇಳಿಯುತ್ತದೆ. ತಣಿದ ಮೇಲೆ ಸೋಸಿದರೆ ಶೇ. 90ರವರೆಗೆ ಕಣಗಳು ಹೋಗುತ್ತವೆ. ಮೆದು ನೀರಿನಲ್ಲಿ ಹೋಗುವುದು ಕಾಲುಭಾಗ ಮಾತ್ರ. ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸುತನವನ್ನು ಬೈಯುತ್ತ ಬಂದವರಿಗೆ ಇದೊಂದು ಲಾಭ. ಪಾತ್ರೆಯ ತಳದ ಬಿಳಿ ಪುಡಿಯನ್ನು ಕದಡಬೇಡಿ. ಮೇಲಿನ ನೀರನ್ನು ಮಡಿಸಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಕೊಡದಲ್ಲಿ ತುಂಬಿಡಿ.

ಒಂದು ಎಚ್ಚರಿಕೆ: ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಪಾವಗಡ, ಕೋಲಾರದಂಥ ಕಡೆ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರನ್ನು ಬಿಡಬೇಡಿ. ಆರ್‌ಓ ಪ್ಲಾಸ್ಟಿಕ್ ಕಣಗಳನ್ನೂ ಪಿಎಫ್‌ಎಎಸ್‌ನ ಬಹುಪಾಲನ್ನೂ ತಡೆಯುತ್ತದೆ. ತಂದ ಕ್ಯಾನನ್ನು ಬಿಸಿಲಿನಲ್ಲಿ ಇಡಬೇಡಿ, ಮನೆಗೆ ಬಂದೊಡನೆ ಕೊಡಕ್ಕೆ ಸುರಿಯಿರಿ.

5. ಕೂಸಿನ ಬಾಟಲಿಗೆ ಕುದಿನೀರು ಸುರಿಯಬೇಡಿ

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪಾಲಿಪ್ರೊಪಿಲೀನ್ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದಾಗ ಲೀಟರಿಗೆ 1.6 ಕೋಟಿಯವರೆಗೆ ಕಣ ಬಿಡುವ ಬಾಟಲಿಗಳೂ ಸಿಕ್ಕವು. ಪುಡಿಹಾಲು ಕೊಡಲೇಬೇಕಿದ್ದರೆ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಬಿಸಿನೀರಿಗೆ ಕಲಸಿ, ಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿ. ಸ್ಟೀಲ್ ಬಾಟಲಿಯಾದರೆ ಇನ್ನೂ ಒಳ್ಳೆಯದು. ಅಟ್ಟದ ಮೇಲಿನ ಬೆಳ್ಳಿಯ ಒಳಲೆಯನ್ನು ಇಳಿಸಿದರೂ ಆದೀತು, ಚೆನ್ನಾಗಿ ಕುದಿಸಿ ತೊಳೆದು.

ತಾಯಿಹಾಲಿನಲ್ಲೂ ಡಯಾಕ್ಸಿನ್‌ನಂಥವು ಸಿಕ್ಕಿವೆ ಎಂದು ಓದಿ ಹೆದರಿ ಹಾಲುಣಿಸುವುದನ್ನು ನಿಲ್ಲಿಸಬೇಡಿ. ತಾಯಿಹಾಲಿನ ಲಾಭ ಆ ಅಪಾಯಕ್ಕಿಂತ ಬಹಳ ದೊಡ್ಡದು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

6. ದೋಸೆಗೆ ಕಬ್ಬಿಣದ ಕಾವಲಿ

ಟೆಫ್ಲಾನ್ 1938ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಸಿಕ್ಕ ವಸ್ತು. ತವೆಗೆ ಅಂಟಿದ ಲೇಪಕ್ಕಿಂತ ದೊಡ್ಡ ಕೇಡಾದದ್ದು ಅದನ್ನು ತಯಾರಿಸಲು ಬಳಸುತ್ತಿದ್ದ, ಪಿಎಫ್‌ಎಎಸ್ ಕುಟುಂಬದ ಪಿಎಫ್‌ಓಎ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಿಂದ ಅದು ಸುತ್ತಲಿನ ಕುಡಿಯುವ ನೀರಿಗೆ ಸೇರಿತು. ವಕೀಲ ರಾಬ್ ಬಿಲಾಟ್ ಮೊಕದ್ದಮೆ ಹೂಡಿದರು. ರಾಜಿಯಲ್ಲಿ ಬಂದ ಹಣದಿಂದ ಅಲ್ಲಿನ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಕಿಡ್ನಿ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ಹೆಚ್ಚಿದ ಕೊಲೆಸ್ಟರಾಲ್ ಸೇರಿ ಆರು ಕಾಯಿಲೆಗಳಿಗೂ ಪಿಎಫ್‌ಓಎಗೂ ನಂಟು ಇರುವ ಸಂಭವ ಹೆಚ್ಚು ಎಂಬ ತೀರ್ಮಾನ ಬಂದದ್ದು ಹೀಗೆ. ಪರಿಹಾರದ ದುಡ್ಡನ್ನು ಹಂಚಿಕೊಂಡು ಸುಮ್ಮನಾಗಿದ್ದರೆ ಜಗತ್ತಿಗೆ ಈ ವಿಷಯ ತಿಳಿಯಲು ಎಷ್ಟು ವರ್ಷ ಬೇಕಾಗುತ್ತಿತ್ತೋ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಓಎಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2024ರಲ್ಲಿ ಅಮೆರಿಕ ತನ್ನ ಕುಡಿಯುವ ನೀರಿಗೆ ಹಾಕಿಕೊಂಡ ಮಿತಿ ಲೀಟರಿಗೆ 4 ನ್ಯಾನೋಗ್ರಾಂ.

ಅಡುಗೆಮನೆಗೆ ಇದರ ಸಾರ ಸರಳ. ಗೀರು ಬಿದ್ದ ನಾನ್‌ಸ್ಟಿಕ್ ತವೆ ಬಿಡಿ. ಹೊಸದಿದ್ದರೆ ಖಾಲಿ ತವೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಬೇಡಿ. 260 ಡಿಗ್ರಿ ದಾಟಿದರೆ ಲೇಪ ಒಡೆಯತೊಡಗುತ್ತದೆ, ಅದರ ಹೊಗೆಗೆ ಪಂಜರದ ಹಕ್ಕಿ ಸತ್ತ ಉದಾಹರಣೆಗಳಿವೆ. ಎಣ್ಣೆ ಹೀರದ ಕಾಗದ, ಕಲೆ ಹಿಡಿಯದ ಸೋಫಾ ಬಟ್ಟೆ, ನೀರು ಅಂಟದ ಜಾಕೆಟ್‌ಗಳಲ್ಲೂ ಇದೇ ಕುಟುಂಬದ ರಾಸಾಯನಿಕ ಇರಬಹುದು. ಏನೂ ಅಂಟುವುದಿಲ್ಲ ಎಂದು ಹೊಗಳಿದ್ದನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

7. ಒದ್ದೆ ಬಟ್ಟೆಯಿಂದ ಒರೆಸಿ

ಮನೆಯ ಧೂಳಿನಲ್ಲಿ ಬಟ್ಟೆಯ ನಾರು, ಕುರ್ಚಿ ಹಾಸಿಗೆಗಳ ಫೋಮ್, ಟಿವಿ ಕಂಪ್ಯೂಟರುಗಳಿಗೆ ಬೆಂಕಿ ತಗಲದಂತೆ ಬೆರೆಸಿದ ರಾಸಾಯನಿಕ ಎಲ್ಲವೂ ಇವೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಒಣ ಪೊರಕೆ ಧೂಳನ್ನು ಎಬ್ಬಿಸುತ್ತದಷ್ಟೇ. ಗುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ಅಜ್ಜಿ ಹೇಳಿದ್ದೇ.

8. ಬಟ್ಟೆ ಕಡಿಮೆ ಒಗೆಯಿರಿ, ಹತ್ತಿಯನ್ನೇ ಉಡಿ

ಅಕ್ರಿಲಿಕ್ ಬಟ್ಟೆಯ ಆರು ಕಿಲೋ ಒಗೆತದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ನಾರು ಕಳಚುತ್ತದೆ ಎಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂದಾಜಿಸಿದ್ದಾರೆ. ಮೆಷಿನ್ ತುಂಬಿದ ಮೇಲೆ ಹಾಕಿ, ತಣ್ಣೀರಲ್ಲಿ ಹಾಕಿ. ಮಗುವಿಗೆ ಹತ್ತಿ ಬಟ್ಟೆ.

9. ಮದುವೆ ಮನೆಯಲ್ಲಿ ಸ್ಟೀಲ್ ತಟ್ಟೆ ಕೇಳಿ

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ನಿಷೇಧಿಸಿತು. ಇಡೀ ದೇಶಕ್ಕೆ 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ನಿಷೇಧ ಬಂತು. ಸಂತೆಗೆ ಹೋದರೆ ನಿಷೇಧ ಎಲ್ಲಿದೆ ಎಂದು ಹುಡುಕಬೇಕು. ಕಾಯುತ್ತ ಕೂರುವುದಕ್ಕಿಂತ ಅನುಕೂಲವನ್ನೇ ಬೇರೆ ಕಡೆ ತಿರುಗಿಸುವುದು ವಾಸಿ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತದೆ. ದೇವಸ್ಥಾನ, ಸ್ತ್ರೀಶಕ್ತಿ ಸಂಘ, ಸಮುದಾಯ ಭವನ ಯಾವುದಕ್ಕೂ ಇದು ಕಷ್ಟವಲ್ಲ. ಬಾಳೆಲೆ, ಮುತ್ತುಗದ ಎಲೆ ಇದ್ದೇ ಇವೆ. ಅಡಿಕೆ ಹಾಳೆ ತಟ್ಟೆಯ ಬಗ್ಗೆ ಅಮೆರಿಕದ ಎಫ್‌ಡಿಎ 2025ರಲ್ಲಿ ತಕರಾರು ತೆಗೆದಿದೆ, ಅಡಿಕೆಯ ಅಂಶ ಆಹಾರಕ್ಕೆ ಇಳಿಯಬಹುದೆಂದು. ಪ್ಲಾಸ್ಟಿಕ್ ತಟ್ಟೆಗಿಂತ ಅದು ಲೇಸೆಂದೇ ನನ್ನ ಮತ, ಆದರೆ ಸ್ಟೀಲಿಗೆ ಸಾಟಿ ಇಲ್ಲ.

ಸಣ್ಣದೊಂದು ಅಭ್ಯಾಸ: ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಬೇರೆಯಾದ ಆ ಚೂರನ್ನು ಯಾವ ಚಿಂದಿ ಆಯುವವರೂ ಆಯಲಾರರು.

10. ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಬೇಡಿ, ಹಚ್ಚಲು ಬಿಡಬೇಡಿ

ಮನೆಯ ಕೆಲಸದಿಂದ ಊರಿನ ಕೆಲಸಕ್ಕೆ ದಾಟುವುದು ಇಲ್ಲಿ. ನಗರದಲ್ಲಿ ರಸ್ತೆ ಬದಿಯ ತರಗೆಲೆಯ ಜೊತೆ ಕವರೂ ಸುಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಬಚ್ಚಲೊಲೆ ಹೊತ್ತಿಸಲು ಸೀಮೆಎಣ್ಣೆಯ ಬದಲು ಹಾಲಿನ ಕವರು, ಬಿಸ್ಕತ್ತಿನ ಹೊದಿಕೆ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಸುವ ಕಷ್ಟ ಗೊತ್ತಿದ್ದವರು ಯಾರೂ ನಗಲಾರರು. ಆಮೇಲೆ ಆ ಬೂದಿ ತೆಂಗು, ಅಡಿಕೆಯ ಬುಡಕ್ಕೆ.

ಕ್ಲೋರಿನ್ ಇರುವ ಪ್ಲಾಸ್ಟಿಕ್, ಮುಖ್ಯವಾಗಿ ಪಿವಿಸಿ, ಇಂಥ ಕಡಿಮೆ ಉರಿಯಲ್ಲಿ ಬೆಂದಾಗ ಡಯಾಕ್ಸಿನ್ ಹುಟ್ಟುತ್ತದೆ. ಅದನ್ನು ನಾಶ ಮಾಡಲು 850 ಡಿಗ್ರಿಗೂ ಮೀರಿದ ಬಿಸಿ ಬೇಕು. ಬಚ್ಚಲೊಲೆಗಾಗಲಿ, ಬೀದಿಯ ಬೆಂಕಿಗಾಗಲಿ ಆ ಸಾಮರ್ಥ್ಯವಿಲ್ಲ. ಹೊಗೆ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲನ್ನು ಹಸು ಮೇಯುತ್ತದೆ, ವಿಷ ಹಾಲಿನ ಕೊಬ್ಬಿನಲ್ಲಿ ಮನೆಗೆ ವಾಪಸು ಬರುತ್ತದೆ. ಮನುಷ್ಯರಿಗೆ ಡಯಾಕ್ಸಿನ್ ಶೇ. 90ಕ್ಕೂ ಹೆಚ್ಚು ಸೇರುವುದು ಉಸಿರಿನಿಂದಲ್ಲ, ಆಹಾರದಿಂದ. ಒಮ್ಮೆ ಸೇರಿದರೆ ಅದರ ಅರ್ಧ ಕಡಿಮೆಯಾಗಲು 7ರಿಂದ 11 ವರ್ಷ.

ಒಲೆಗೆ ತೆಂಗಿನ ಗರಿ, ಕರಟ, ಒಣ ಅಡಿಕೆ ಸಿಪ್ಪೆ ಮಳೆಗಾಲಕ್ಕೆ ಮೊದಲೇ ಕೂಡಿಡಿ. ತಾಮ್ರಕ್ಕಾಗಿ ವೈರ್ ಸುಡುವವರನ್ನು ಕಂಡರೆ ಜಗಳ ಬೇಡ, ಸುಲಿದು ತಂದ ತಂತಿಗೂ ಗುಜರಿಯಲ್ಲಿ ಬೆಲೆ ಇದೆ ಎಂದು ಹೇಳಿ. ಕಸಕ್ಕೆ ಬೆಂಕಿ ಇಡುವವರ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ದಂಡ ಗೊತ್ತುಮಾಡಿದೆ: ಸಾಮಾನ್ಯವಾದರೆ 5,000 ರೂಪಾಯಿ, ರಾಶಿ ಕಸವಾದರೆ 25,000. ಆದರೆ ಒಣಕಸ ಒಯ್ಯಲು ಗಾಡಿಯೇ ಬಾರದ ಊರಿನಲ್ಲಿ ದಂಡ ಯಾರಿಗೆ ಹಾಕಬೇಕು? ಅದು ಕೊನೆಯ ಸೂತ್ರದ ಪ್ರಶ್ನೆ.

11. ಹೊಲದಲ್ಲಿ ಹಾಸಿದ್ದನ್ನು ಹೊಲದಿಂದ ಎತ್ತಿ

ಕೋಲಾರ, ಚಿಕ್ಕಬಳ್ಳಾಪುರದ ಟೊಮ್ಯಾಟೊ, ಮೆಣಸಿನಕಾಯಿ ಹೊಲಗಳಲ್ಲಿ ಮಲ್ಚಿಂಗ್ ಶೀಟ್ ಸಾಮಾನ್ಯ ನೋಟ. ನೀರು ಉಳಿಯುತ್ತದೆ, ಕಳೆ ಕಡಿಮೆ, ನಿಜ. ಬೆಳೆ ಮುಗಿದ ಮೇಲೆ ಹರಿದ ಶೀಟಿನ ಮೇಲೆಯೇ ರೋಟವೇಟರ್ ಹೊಡೆದರೆ ಅದು ಪುಡಿಯಾಗಿ ಮಣ್ಣಲ್ಲೇ ಉಳಿಯುತ್ತದೆ. ದಪ್ಪ ಶೀಟ್ ಕೊಳ್ಳಿ, ಹರಿಯುವ ಮುಂಚೆ ಸುತ್ತಿ ತೆಗೆಯಿರಿ. ಸಾಧ್ಯವಾದಲ್ಲಿ ಹುಲ್ಲು, ಕಬ್ಬಿನ ರವದಿ ಹೊದಿಸಿ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡಬೇಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಮರಕ್ಕೋ ಮೊಣಕಾಲಿಗೋ ಹಚ್ಚುವ ಯೋಚನೆಯೂ ಬೇಡ. ಅದರಲ್ಲಿ ಪಿಸಿಬಿ ಇರಬಹುದು.

12. ವಿಚಿತ್ರ ಕಂಡರೆ ಬರೆದಿಡಿ

ಕನ್ನಡಿಗರು ಈ ವಿಷಯವನ್ನು ಪರದೇಶದಿಂದ ಕಲಿಯಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ಗುಡ್ಡದ ಮೇಲೆ ಸುರಿದದ್ದು ಸುರಂಗ, ತೋಡುಗಳ ನೀರಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡ, ತುಳು ಮಾತಾಡುವ ಹಳ್ಳಿಗಳಲ್ಲಿ ಮೊದಲು ಕರುಗಳು ಅಂಗ ಊನವಾಗಿ ಹುಟ್ಟಿದವು, ಆಮೇಲೆ ಮಕ್ಕಳು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಅಲ್ಲಿಯ ವೈದ್ಯ ವೈ.ಎಸ್. ಮೋಹನ್ ಕುಮಾರ್, ಒಂದೇ ಊರಿನಿಂದ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಏಕೆ ಬರುತ್ತಿದೆ ಎಂದು ತಮ್ಮ ರೋಗಿಗಳ ವಿವರ ಕೂಡಿಸಿ ಕೇಳಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳದ್ದೂ ಇದೇ ವ್ಯಥೆ. ಅಲ್ಲಿ ಸಿಂಪಡಿಸಿದ್ದು ನಮ್ಮದೇ ರಾಜ್ಯದ ಗೇರು ನಿಗಮ.

ಹಟಮಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಎಂಡೋಸಲ್ಫಾನನ್ನು ತನ್ನ ನಿಷೇಧ ಪಟ್ಟಿಗೆ ಸೇರಿಸಿದ್ದು 2011ರ ಏಪ್ರಿಲ್‌ನಲ್ಲಿ, ಮರುತಿಂಗಳು 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಹಿಡಿಯಿತು. ಹಳ್ಳಿಯ ಟಿಪ್ಪಣಿ ಪುಸ್ತಕದಿಂದ ಅಲ್ಲಿಗೆ ತಲುಪಲು ಅಷ್ಟು ವರ್ಷ ಹಿಡಿಯಿತು, ಆದರೆ ತಲುಪಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ 2017ರಲ್ಲಿ ಆದೇಶ ಬಂದದ್ದೂ ಅದೇ ದಾರಿಯಲ್ಲಿ. ಆಶಾ ಕಾರ್ಯಕರ್ತೆ, ಪಶುವೈದ್ಯ, ಶಾಲೆಯ ಮೇಷ್ಟ್ರು, ಯಾರೇ ಆಗಿ: ಒಂದೇ ಕೇರಿಯಲ್ಲಿ ಒಂದೇ ಬಗೆಯ ಕಾಯಿಲೆ ಕಂಡರೆ ತಾರೀಖು, ಮನೆ, ಕುಡಿಯುವ ನೀರಿನ ಮೂಲ ಬರೆದಿಡಿ.

13. ಡಿಟಾಕ್ಸ್ ಮಾರುವವರಿಗೆ ಬಾಗಿಲು ಹಾಕಿ

ಮೈಯಿಂದ ಪ್ಲಾಸ್ಟಿಕ್ ತೆಗೆಯುತ್ತೇವೆ ಎಂಬ ಪುಡಿ, ಕಷಾಯ, ಮಾತ್ರೆಗಳಿಗೆ ಆಧಾರವಿಲ್ಲ. ಆ ದುಡ್ಡಿಗೆ ಎರಡು ಸ್ಟೀಲ್ ಡಬ್ಬಿ ಬರುತ್ತವೆ.

14. ಪರೀಕ್ಷೆಯ ವರದಿ ಕೇಳಿ

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆದಿದೆ. ಒಣಗಿದ ಕೆರೆಗಳು ತುಂಬಿದವು, ಅಂತರ್ಜಲ ಏರಿತು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅಲ್ಲಿಗೆ ಬರುವುದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಪಿಎಫ್‌ಎಎಸ್ ತೆಗೆಯಲು ಅಷ್ಟು ಸಂಸ್ಕರಣೆ ಸಾಲದು. ಪ್ಲಾಸ್ಟಿಕ್ ಕಣಗಳಲ್ಲಿ ಬಹುಪಾಲು ಕೆಸರಿನಲ್ಲಿ ಉಳಿಯುತ್ತವೆ, ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗುವುದುಂಟು. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ಹೋರಾಟಗಾರರು ಕೇಳುತ್ತಿರುವುದು ಹಟವಲ್ಲ, ಲೆಕ್ಕಾಚಾರದ ಮಾತು. ಅಳೆಯದ ವಿಷ ಕಡತದಲ್ಲಿ ಇರುವುದಿಲ್ಲ, ಕಡತದಲ್ಲಿ ಇಲ್ಲದ್ದಕ್ಕೆ ಯಾರೂ ಹೊಣೆಯಲ್ಲ.

ಜಗತ್ತಿನ ಮಟ್ಟದಲ್ಲಿ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಮ್ಮತವಿಲ್ಲದೆ ಮುರಿದುಬಿತ್ತು. ಅಲ್ಲಿಂದ ನಿಯಮ ಬರಲಿ ಎಂದು ಕಾಯುವುದು ಬೇಡ. ಕುಂದಾಪುರ ಕಡೆಯ ವಂಡ್ಸೆಯಂಥ ಗ್ರಾಮ ಪಂಚಾಯಿತಿಯೇ ಮನೆಮನೆಯ ಕಸ ವಿಂಗಡಿಸಿ ಮಾರುವ ಘಟಕ ನಡೆಸಿ ತೋರಿಸಿದೆ. ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಹೋಗಿ ಕೇಳಿ: ನಮ್ಮ ಒಣಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕುಡಿಯುವ ನೀರನ್ನು ಕಳೆದ ಬಾರಿ ಯಾವಾಗ, ಯಾವುದಕ್ಕೆಲ್ಲ ಪರೀಕ್ಷಿಸಿದಿರಿ? ಹತ್ತಿರದ ಕಾರ್ಖಾನೆ ತೋಡಿಗೆ ಬಿಡುವ ನೀರಿನ ವರದಿ ಎಲ್ಲಿದೆ? ಬಾಯಿಮಾತಿನ ಉತ್ತರ ಸಾಕೆನ್ನಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಗಡುವು 30 ದಿನ.